ನಮ್ಮವರಿಗೇ ಕೊಟ್ಟರೂ ಬರೆದು ಕೊಡಿ

ಕಬ್ಬಿನ ಬಿಲ್ಲು ಬಂತು, ಮಗನ ನೌಕರಿ ಕಾಯಂ ಆಯಿತು, ಇಲ್ಲವೇ ಅಪ್ಪನ ನಿವೃತ್ತಿಯ ಹಣ ಕೈಸೇರಿತು. ಭೀಮಾ ದಂಡೆಯ ದೇವಣಗಾಂವದಂಥ ಊರಿನ ಕುಟುಂಬ ಮುಂದೆ ಯೋಚಿಸುವುದು ಹೆಚ್ಚಾಗಿ ಒಂದನ್ನೇ: ಆಲಮೇಲದಲ್ಲೋ ಸಿಂದಗಿಯಲ್ಲೋ ಒಂದು ಮನೆ ತೆಗೆದುಕೊಂಡು ಬಾಡಿಗೆಗೆ ಕೊಡೋಣ. ಹೊಲ ಮಳೆಯನ್ನು ನಂಬಿದೆ, ಅಂಗಡಿ ಇಟ್ಟರೆ ದಿನವಿಡೀ ಗಲ್ಲಾದ ಮುಂದೆ ಕೂಡಬೇಕು. ಮನೆಯಾದರೆ ಕೂತಲ್ಲೇ ತಿಂಗಳಿಗೆ ಇಷ್ಟು ಬರುತ್ತದೆ ಎಂಬ ಭರವಸೆ.

ಈ ಭರವಸೆಯಲ್ಲಿ ಅರ್ಧ ನಿಜವಿದೆ. ಉಳಿದರ್ಧ ಗೊತ್ತಾಗುವುದು ಮನೆ ಕೊಂಡು ಎರಡು ಮೂರು ಮಳೆಗಾಲ ಕಳೆದ ಮೇಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸಣ್ಣ ಮಾಲೀಕರು ಕಳೆದುಕೊಳ್ಳುವುದು ಕೆಟ್ಟ ಬಾಡಿಗೆದಾರರಿಂದ ಅಂತ ಜನ ಹೇಳುವುದುಂಟು. ಬಿಡಿಸಿ ನೋಡಿದರೆ ಕಾರಣ ಬೇರೆ. ಕೊಳ್ಳುವಾಗ ಕಾಗದ ಓದಿರುವುದಿಲ್ಲ, ಕೊಡುವಾಗ ಕಾಗದ ಬರೆದಿರುವುದಿಲ್ಲ. ‘ಅವ್ರು ನಮ್ಮವ್ರೇ ಅದಾರ್ರೀ, ಬರ್ಕೊಳ್ಳೂದು ಎದಕ?’ ಎಂಬ ಮಾತಿನಿಂದ ಆರಂಭವಾದ ಸಂಬಂಧ ವಕೀಲರ ನೋಟಿಸಿನವರೆಗೂ ಹೋಗಿರುತ್ತದೆ. ನಮ್ಮವರು ನಮ್ಮವರಾಗಿಯೇ ಉಳಿಯಲಿ ಎಂಬ ಆಸೆಯಿದ್ದವರೇ ಮೊದಲು ಬರೆದಿಟ್ಟುಕೊಳ್ಳಬೇಕು.

ಬಾಡಿಗೆ ಹಿಡಿಯುವವರು ಯಾರು?

ಐದು ತಾಲೂಕುಗಳಿದ್ದ ವಿಜಯಪುರ ಜಿಲ್ಲೆಯಲ್ಲಿ ಈಗ 13 ತಾಲೂಕುಗಳಿವೆ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ, ಬಬಲೇಶ್ವರ, ತಿಕೋಟಾ ಹೊಸದಾಗಿ ಸೇರಿದವು. ತಹಶೀಲ್ದಾರ್ ಕಚೇರಿ ಬಂದ ಊರಿಗೆ ನೌಕರರು ಬರುತ್ತಾರೆ, ಶಿಕ್ಷಕರು, ಬ್ಯಾಂಕಿನವರು, ದಾದಿಯರು ಬರುತ್ತಾರೆ. ಇವರು ಬಾಡಿಗೆ ಮನೆಗೆ ಒಳ್ಳೆಯ ಗಿರಾಕಿಗಳು. ಸಂಬಳ ತಾರೀಖಿಗೆ ಬರುತ್ತದೆ, ವರ್ಗಾವಣೆಯಾದರೆ ತಾವಾಗಿಯೇ ಮನೆ ಬಿಡುತ್ತಾರೆ. ಆದರೆ ವರ್ಗಾವಣೆ ಸಾಮಾನ್ಯವಾಗಿ ಬೇಸಿಗೆಯಲ್ಲಿ, ಶಾಲೆಯ ವರ್ಷ ಶುರುವಾಗುವ ಮೊದಲು ನಡೆಯುತ್ತದೆ. ಜೂನ್ ದಾಟಿದ ಮೇಲೆ ಖಾಲಿಯಾದ ಮನೆಗೆ ಗಿರಾಕಿ ಸಿಗಲು ತಿಂಗಳುಗಟ್ಟಲೆ ಕಾಯಬೇಕಾದೀತು.

ಕಾರ್ಖಾನೆಯ ಕಡೆಯ ಲೆಕ್ಕ ಇದಕ್ಕಿಂತ ಬೇರೆ. ಆಲಮೇಲದಲ್ಲಿ, ಇಂಡಿ ತಾಲೂಕಿನ ಮರಗೂರಿನಲ್ಲಿ, ಮುದ್ದೇಬಿಹಾಳ ತಾಲೂಕಿನ ಯರಗಲ್ಲಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಯುವ ಹಂಗಾಮಿನಲ್ಲಿ ಖೋಲಿಗೆ ಬೇಡಿಕೆ ಏರುತ್ತದೆ, ಹಂಗಾಮು ಮುಗಿದರೆ ಇಳಿಯುತ್ತದೆ. ಬಸವನ ಬಾಗೇವಾಡಿ ಕಡೆಯ ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳ, ಒಟ್ಟು 2400 ಮೆಗಾವಾಟ್‌ನ ಎನ್‌ಟಿಪಿಸಿ ಸ್ಥಾವರವಿದೆ. ಇಂಥ ದೊಡ್ಡ ಯೋಜನೆ ಕಟ್ಟುವಾಗ ಬೇಕಾಗುವಷ್ಟು ಜನ ಅದನ್ನು ನಡೆಸಲು ಬೇಕಾಗುವುದಿಲ್ಲ. ಕಟ್ಟಡದ ಕೆಲಸ ನಡೆಯುವ ವರ್ಷಗಳ ಬಾಡಿಗೆ ನೋಡಿ ಸಾಲ ಮಾಡಿ ಖೋಲಿ ಕಟ್ಟಿಸಿದರೆ, ಕೆಲಸಗಾರರು ಹೋದ ಮೇಲೂ ಸಾಲದ ಕಂತು ಹೋಗುವುದಿಲ್ಲ. ವರ್ಷಕ್ಕೆ 12 ತಿಂಗಳ ಬಾಡಿಗೆ ಅಂತ ಲೆಕ್ಕ ಹಾಕಬಾರದು. ನೌಕರರ ಮನೆಗೆ 11, ಹಂಗಾಮಿನ ಖೋಲಿಗೆ 7 ಅಥವಾ 8 ತಿಂಗಳು ಹಿಡಿದರೆ ಲೆಕ್ಕ ನಿಜಕ್ಕೆ ಹತ್ತಿರ ಇರುತ್ತದೆ.

ಲೆಕ್ಕವನ್ನೇ ಒಮ್ಮೆ ಮಾಡಿ ನೋಡೋಣ. ಇವು ಉದಾಹರಣೆಗೆಂದು ಹಿಡಿದ ಅಂಕಿಗಳು. ಮನೆಯ ಬೆಲೆ 25 ಲಕ್ಷ ರೂ., ತಿಂಗಳ ಬಾಡಿಗೆ 6,000 ರೂ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ಜತೆಗೆ ನೋಂದಣಿ ಶುಲ್ಕವನ್ನು ಸರ್ಕಾರ 2025ರ ಆಗಸ್ಟ್ 31ರಿಂದ 1%ನಿಂದ 2%ಗೆ ಏರಿಸಿದೆ. ಒಟ್ಟು 7.6%ನಷ್ಟು, ಅಂದರೆ 1 ಲಕ್ಷ 90 ಸಾವಿರ ರೂ. ಬೆಲೆಯ ಮೇಲೆ ಕೂಡುತ್ತದೆ. ವರ್ಷಕ್ಕೆ 11 ತಿಂಗಳ ಬಾಡಿಗೆ 66,000 ರೂ. ಬಂದರೆ, ತೆರಿಗೆ, ಸುಣ್ಣಬಣ್ಣ, ನಲ್ಲಿ, ಮೋಟಾರಿನ ರಿಪೇರಿ ಕಳೆದು 50,000 ರೂ. ಉಳಿದರೂ ಹಾಕಿದ ಹಣಕ್ಕೆ 2% ಕೂಡ ಹುಟ್ಟಲಿಲ್ಲ. 15 ಲಕ್ಷ ಸಾಲ ಮಾಡಿದ್ದರೆ 9% ಬಡ್ಡಿಯಲ್ಲಿ 15 ವರ್ಷದ ಕಂತು ತಿಂಗಳಿಗೆ 15,200 ರೂ. ದಾಟುತ್ತದೆ. ಬಾಡಿಗೆ ಬರುವುದು 6,000, ಕಂತು ಹೋಗುವುದು 15,200. ಜಾಗದ ಬೆಲೆ ಏರುತ್ತದೆ ಎಂಬ ಒಂದೇ ಆಸರೆಯ ಮೇಲೆ ಈ ವ್ಯವಹಾರ ನಿಂತಿದೆ. ಆಸರೆ ಸುಳ್ಳೇನಲ್ಲ, ಆದರೆ ಮೇಲಿನ 9,200 ರೂ.ಗಳನ್ನು ತಿಂಗಳು ತಿಂಗಳು ಬೇರೆ ಸಂಪಾದನೆಯಿಂದ ತುಂಬುವ ಶಕ್ತಿ ಇದ್ದವರಿಗೆ ಮಾತ್ರ ಅದು ಆಸರೆ. ಇಲ್ಲದವರು ಸಾಲ ಮಾಡಿ ಬಾಡಿಗೆ ಮನೆ ಕೊಳ್ಳುವುದು ಬೇಡ.

ಉತಾರದಲ್ಲಿ ಏನಿದೆ, ಏನಿಲ್ಲ

ಮನೆ ನೋಡುವ ಮೊದಲು ಉತಾರ ನೋಡಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ 2013ರಿಂದ ಇ-ಸ್ವತ್ತು ಇದೆ. ಗಾವಠಾಣದ ಮನೆ, ಬಿನ್‌ಶೇತ್ಕಿ ಆಗಿ ವಿನ್ಯಾಸ ಮಂಜೂರಾದ ನಿವೇಶನಗಳಿಗೆ ನಮೂನೆ 9 ಮತ್ತು 11ಎ ಸಿಗುತ್ತವೆ. ಹಾಗಲ್ಲದವು 11ಬಿಯಲ್ಲಿ ಬರುತ್ತವೆ. ಎರಡೂ ಕಂಪ್ಯೂಟರಿನಿಂದಲೇ ಬಂದ ಕಾಗದಗಳಾದ್ದರಿಂದ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಬ್ಯಾಂಕಿಗೆ ಸಾಲ ಕೇಳಲು ಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. ಪಟ್ಟಣದ ಆಸ್ತಿಗೆ ಇ-ಖಾತೆ ಬೇಕು, ಹಳೆಯ ಮುಂಬಯಿ ಪ್ರಾಂತದ ಭಾಗವಾಗಿದ್ದ ಈ ಕಡೆಯ ಎಷ್ಟೋ ಪಟ್ಟಣಗಳಲ್ಲಿ ಸಿಟಿ ಸರ್ವೆ ಉತಾರವೂ ಬೇಕು. ಎರಡರಲ್ಲೂ ಅಳತೆ ಮತ್ತು ಚೆಕ್ಕುಬಂದಿ ತಾಳೆಯಾಗಬೇಕು. ಕೃಷಿ ಜಮೀನಿನಲ್ಲಿ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಪರಿವರ್ತನೆ ಆಗದೆ ಗುಂಟೆ ಲೆಕ್ಕದಲ್ಲಿ ಮಾರುವ ನಿವೇಶನದಿಂದ ದೂರ ಇರುವುದೇ ಲೇಸು.

ಋಣಭಾರ ಪತ್ರವನ್ನು, ಜನರ ಮಾತಿನ ‘ಇ.ಸಿ.’ಯನ್ನು, ಎಲ್ಲರೂ ತೆಗೆಸುತ್ತಾರೆ. 2004ರಿಂದ ಈಚಿನದು ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಅರ್ಜಿ ಕೊಡಬೇಕು. ಆದರೆ ಇ.ಸಿ. ಹೇಳುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಮನೆಯೊಳಗೆ ಕೂತಿರುವ ಬಾಡಿಗೆದಾರ, ಅಣ್ಣತಮ್ಮಂದಿರ ಬಾಯಿಮಾತಿನ ವಾಟ್ನಿ, ನೋಂದಣಿಯಾಗದ ಸಾಠೆ ಕರಾರು, ಇವು ಯಾವುವೂ ಅದರಲ್ಲಿ ಕಾಣುವುದಿಲ್ಲ. ‘ಇ.ಸಿ. ಸ್ವಚ್ಛ ಐತಿ’ ಎಂದು ದಲಾಲಿ ಹೇಳಿದರೆ ಅಲ್ಲಿಗೆ ಅರ್ಧ ಕೆಲಸವೂ ಮುಗಿದಿಲ್ಲ ಅಂತ ತಿಳಿಯಬೇಕು.

ಹೆಣ್ಣುಮಕ್ಕಳ ಸಹಿ ಇನ್ನೊಂದು ದೊಡ್ಡ ವಿಷಯ. ಪಿತ್ರಾರ್ಜಿತ ಮನೆಯನ್ನು ಗಂಡುಮಕ್ಕಳಷ್ಟೇ ಸೇರಿ ಮಾರುವುದು ಇಲ್ಲಿ ನಡೆದು ಬಂದ ರೂಢಿ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲಿನ ಹಕ್ಕು ಕೊಟ್ಟಿತು, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಮಗಳು ಹುಟ್ಟಿನಿಂದಲೇ ಸಹದಾಯಾದಿ ಎಂದು ಸ್ಪಷ್ಟಪಡಿಸಿತು. ಮಾರುವವರ ಅಕ್ಕತಂಗಿಯರು ಸೊಲ್ಲಾಪುರದಲ್ಲಿರಲಿ, ಪುಣೆಯಲ್ಲಿರಲಿ, ಖರೀದಿ ಪತ್ರಕ್ಕೆ ಅವರ ಸಹಿ ಬೇಕು. ಇದು ಕೊಳ್ಳುವವರ ರಕ್ಷಣೆಯ ಮಾತಷ್ಟೇ ಅಲ್ಲ, ಆ ಹೆಣ್ಣುಮಕ್ಕಳಿಗೆ ಸಲ್ಲಬೇಕಾದದ್ದು ಸಲ್ಲಬೇಕು.

ಆಲಮಟ್ಟಿಯ ಹಿನ್ನೀರಿನಿಂದ ಊರು ಬಿಟ್ಟವರಿಗೆ ಕೊಟ್ಟ ಪುನರ್ವಸತಿ ನಿವೇಶನ, ಆಶ್ರಯ ಮನೆ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನಲ್ಲಿ ಎದ್ದ ಬಡಾವಣೆ, ಈ ಮೂರರಲ್ಲಿ ಯಾವುದೇ ಇದ್ದರೂ ಮೂಲ ಹಕ್ಕುಪತ್ರವನ್ನು ಓದದೆ ಸಂಚಕಾರ ಕೊಡಬಾರದು. ಪರಭಾರೆಗೆ ನಿಷೇಧದ ಷರತ್ತು ಅಲ್ಲೇ ಇರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ಲದೆ ಮಾರಾಟವಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯಂತೆ, ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಬಾಂಡ್ ಪೇಪರಿನ ಮೇಲೆ ಬರೆದುಕೊಂಡದ್ದು, ಜಿಪಿಎ ಮೇಲೆ ಕೊಂಡದ್ದು ಮಾಲೀಕತ್ವವೇ ಅಲ್ಲ. 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಸಂಚಕಾರದ ಹಣ 20,000 ರೂ. ಅಥವಾ ಹೆಚ್ಚಾದರೆ ನಗದಾಗಿ ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಆಗಬೇಕು. ತಪ್ಪಿದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮನೆಯಲ್ಲಿ ಮೊದಲೇ ಬಾಡಿಗೆದಾರರಿದ್ದರೆ? ‘ಕುಟುಂಬ ಐತಿ, ಬಾಡಿಗೆ ಚಾಲೂ ಐತಿ, ನಿಮಗ ಚೊಲೋನೇ ಆಯ್ತಲ್ಲ’ ಎಂದು ಮಾರುವವರು ಹೇಳುತ್ತಾರೆ. ಚೊಲೋ ಇರಲೂಬಹುದು. ಆದರೆ ಆ ಕುಟುಂಬ ತಿಂಗಳ ಬಾಡಿಗೆಯದೋ, ‘ಲೀಸ್’ನದೋ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಮೂರು ಲಕ್ಷ ಒಟ್ಟಿಗೆ ಕೊಟ್ಟು ಭೋಗ್ಯಕ್ಕೆ ಕೂತವರಾದರೆ, ಆ ಮೂರು ಲಕ್ಷ ಹಿಂದಿನ ಮಾಲೀಕರ ಕಿಸೆಯಲ್ಲಿದೆ, ಬೇಡಿಕೆ ಮಾತ್ರ ಹೊಸ ಮಾಲೀಕರ ಬಾಗಿಲಿಗೆ ಬರುತ್ತದೆ. ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು, ಎಂದಿನಿಂದ ಇದ್ದಾರೆ ಎಂಬುದನ್ನು ಬರೆದ ಒಂದು ಪತ್ರಕ್ಕೆ ಮಾರುವವರು, ಕೊಳ್ಳುವವರು, ಬಾಡಿಗೆದಾರರು ಮೂವರೂ ಸಹಿ ಹಾಕಬೇಕು. ಡಿಪಾಜಿಟ್ ಹಣವನ್ನು ಖರೀದಿಯ ಮೊತ್ತದಲ್ಲೇ ಮುರಿದುಕೊಳ್ಳಬೇಕು. ಹಾಗೆಯೇ ಹೆಸ್ಕಾಂ ಬಾಕಿಯನ್ನೂ ನೋಡಬೇಕು. ಹಿಂದಿನವರು ಉಳಿಸಿಹೋದ ವಿದ್ಯುತ್ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಲು ನಿಯಮಗಳಲ್ಲಿ ಅವಕಾಶ ಇರಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿ ಹಿಡಿದಿದೆ.

ಎರೆ ಮಣ್ಣು, ಭೀಮೆಯ ನೀರು

ಜೋಳಕ್ಕೆ ಹೇಳಿ ಮಾಡಿಸಿದ ಡೋಣಿ ಸಾಲಿನ ಎರೆ ಭೂಮಿ ಗೋಡೆಗೆ ಒಳ್ಳೆಯದಲ್ಲ. ಮಳೆಗೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲಿನ ತಳಪಾಯ ವರ್ಷಕ್ಕೊಮ್ಮೆ ಮೇಲೆದ್ದು ಕೆಳಗಿಳಿಯುತ್ತದೆ. ಇದರ ಗುರುತು ಗೋಡೆಯಲ್ಲೇ ಇದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ಕಂಡರೆ ಅದು ಗಿಲಾಯಿಯ ಬಿರುಕಲ್ಲ, ತಳಪಾಯ ಸರಿದದ್ದು. ಗಿಲಾಯಿಯ ಬಿರುಕು ಕೂದಲೆಳೆಯಂತೆ ಎಲ್ಲ ದಿಕ್ಕಿಗೂ ಹರಡಿರುತ್ತದೆ, ಬೆರಳಿಟ್ಟರೆ ಎರಡೂ ಬದಿ ಒಂದೇ ಮಟ್ಟದಲ್ಲಿ ಸಿಗುತ್ತವೆ. ತಳಪಾಯದ ಬಿರುಕಿನಲ್ಲಿ ಒಂದು ಬದಿ ಮುಂದೆ ಬಂದಿರುತ್ತದೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಬಾಗಿಲು ಚೌಕಟ್ಟಿಗೆ ಒರೆಸುತ್ತಿದೆಯೇ, ಫರಸಿಯ ಕಲ್ಲು ಒಂದು ಮೂಲೆಯಲ್ಲಿ ಎದ್ದಿದೆಯೇ, ಉಳಿದ ಗೋಡೆ ಹಳೆಯದಿದ್ದು ಕಿಟಕಿಯ ಸುತ್ತ ಮಾತ್ರ ಹೊಸ ಬಣ್ಣವಿದೆಯೇ ಎಂಬುದನ್ನು ನಿಧಾನವಾಗಿ ನೋಡಬೇಕು. ಮನೆ ನೋಡಲು ಒಳ್ಳೆಯ ಕಾಲ ಮೇ ತಿಂಗಳು, ಆಗ ಬಿರುಕು ಬಾಯಿ ತೆರೆದಿರುತ್ತದೆ. ಎರೆ ತೆಗೆದು ಗರಸು ತುಂಬಿದ್ದಾರೆಯೇ, ಪ್ಲಿಂತ್ ಬೀಮ್ ಹಾಕಿದ್ದಾರೆಯೇ ಎಂದು ಮನೆ ಕಟ್ಟಿದ ಗೌಂಡಿಯನ್ನೇ ಹುಡುಕಿ ಕೇಳಿದರೆ ಇನ್ನೂ ಒಳ್ಳೆಯದು.

ನದಿಯ ಮಾತನ್ನು ದೇವಣಗಾಂವದವರಿಗೆ ಯಾರೂ ಕಲಿಸಬೇಕಿಲ್ಲ. ಇಲ್ಲಿಯ ಸೇತುವೆ ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕು. ಕೇಂದ್ರ ಜಲ ಆಯೋಗ ಭೀಮೆಯ ಮಟ್ಟ ಅಳೆಯುವ ಜಾಗಗಳಲ್ಲಿ ಈ ಸೇತುವೆಯೂ ಒಂದು. ಮಹಾರಾಷ್ಟ್ರದ ಉಜನಿಯಿಂದ ಬಿಟ್ಟ ನೀರು ಇಲ್ಲಿಗೆ ಮುಟ್ಟುತ್ತದೆ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ಹಾನಿಯಾಯಿತು. ದಂಡೆಯ ಊರುಗಳಲ್ಲಿ ಮನೆ ಕೊಳ್ಳುವವರು 2020ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಓಣಿಯ ಹಿರಿಯರನ್ನು ಕೇಳಿ, ಆ ಮಟ್ಟವನ್ನು ಗೋಡೆಯ ಮೇಲೆ ತೋರಿಸಿಕೊಳ್ಳಬೇಕು. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ವಿಮೆ ಕೊಡುತ್ತಿವೆ. ಬೆಂಕಿ, ನೆರೆ, ಭೂಕಂಪ ಅದರಲ್ಲಿ ಸೇರಿವೆ, ಮನೆ ವಾಸಕ್ಕೆ ಬಾರದಂತಾದರೆ ನಿಂತುಹೋದ ಬಾಡಿಗೆಗೂ ಅದರಲ್ಲಿ ಅವಕಾಶವಿದೆ. ಟ್ರ್ಯಾಕ್ಟರಿಗೆ ವಿಮೆ ಕಟ್ಟುವ ಮನೆಗಳು ಮನೆಗೇ ಕಟ್ಟುವುದಿಲ್ಲ. ಇದು ಬದಲಾಗಬೇಕು.

ರಸ್ತೆ ಬದಿಯ ಮಳಿಗೆ ಕೊಳ್ಳುವವರಿಗೆ ನೀರಿಗಿಂತ ರಸ್ತೆಯದೇ ಚಿಂತೆ. ಸಿಂದಗಿ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಂಥ ರಸ್ತೆಯ ಪಕ್ಕದಲ್ಲಿ ರಸ್ತೆಯ ಮಧ್ಯದಿಂದ ಎಷ್ಟು ಅಂತರ ಬಿಟ್ಟು ಕಟ್ಟಬೇಕು ಎಂಬ ರೇಖೆ ಇದೆ. ಅದರೊಳಗಿನ ಮಳಿಗೆಗೆ ಬಾಡಿಗೆ ಎಷ್ಟೇ ಬರಲಿ, ಅಗಲೀಕರಣದ ದಿನ ಪರಿಹಾರ ಕೇಳುವುದು ಕಷ್ಟ.

ಕರಾರಿನಲ್ಲಿ ಬರೆಯಬೇಕಾದದ್ದು

ಹನ್ನೊಂದು ತಿಂಗಳ ಕರಾರು ಏಕೆ ಎಂದು ಕೇಳಿದರೆ ಬಹಳ ಮಂದಿಗೆ ಉತ್ತರ ಗೊತ್ತಿಲ್ಲ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿ ಪತ್ರ ಕಡ್ಡಾಯವಾಗಿ ನೋಂದಣಿಯಾಗಬೇಕು. ಆ ಖರ್ಚು ತಪ್ಪಿಸಲು ಬೆಳೆದ ರೂಢಿ ಇದು. ಹನ್ನೊಂದು ತಿಂಗಳು ಮುಗಿದ ಮೇಲೂ ಬಾಡಿಗೆ ಪಡೆಯುತ್ತ ಹೋದರೆ ಸಂಬಂಧ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ, ಆದರೆ ಬಾಡಿಗೆ ಏರಿಕೆ, ಡಿಪಾಜಿಟ್ ವಾಪಸಿಯಂಥ ಷರತ್ತುಗಳ ಮೇಲೆ ತಕರಾರು ಏಳುವುದು ಆಗಲೇ. ಅವಧಿ ಮುಗಿದ ತಿಂಗಳೇ ಹೊಸ ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆಸುವುದು ಒಳ್ಳೆಯದು. ಮಳಿಗೆಯನ್ನು ಐದು ಹತ್ತು ವರ್ಷಕ್ಕೆ ಕೊಡುವುದಿದ್ದರೆ ಖರ್ಚಿಗೆ ಹೆದರದೆ ನೋಂದಣಿಯನ್ನೇ ಮಾಡಿಸಬೇಕು.

ಇ-ಸ್ಟ್ಯಾಂಪ್ ಅಂಗಡಿಯವರು ಬರೆದುಕೊಡುವ ಸಿದ್ಧ ಕರಾರಿನಲ್ಲಿ ಬಾಡಿಗೆ, ಡಿಪಾಜಿಟ್, ಅವಧಿ ಇರುತ್ತವೆ. ಜಗಳ ಹುಟ್ಟುವ ಸಂಗತಿಗಳೇ ಇರುವುದಿಲ್ಲ. ಬೋರಿನ ಮೋಟಾರು ಸುಟ್ಟರೆ ಯಾರು ಕಟ್ಟಿಸಬೇಕು? ನೀರು ಬತ್ತಿದ ಬೇಸಿಗೆಯಲ್ಲಿ ಟ್ಯಾಂಕರಿನ ದುಡ್ಡು ಯಾರದು? ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ? ಊರಿಂದ ಬಂದ ತಮ್ಮ ಆರು ತಿಂಗಳು ಉಳಿದರೆ ಅಡ್ಡಿಯಿಲ್ಲವೇ? ಅಂಗಳದಲ್ಲಿ ಎಮ್ಮೆ ಕಟ್ಟಬಹುದೇ? ಪತ್ರಾಸಿನ ಮೇಲೆ ಡಿಶ್ ಕೂಡಿಸಲು ತೂತು ಕೊರೆಯಬಹುದೇ? ಈ ಐದಾರು ಪ್ರಶ್ನೆಗೆ ಕರಾರಿನಲ್ಲಿ ಐದಾರು ಸಾಲಿನ ಉತ್ತರ ಬರೆದರೆ ಸಾಕು. ಜತೆಗೆ ಮನೆ ಕೊಡುವ ದಿನ ಪ್ರತಿ ಖೋಲಿಯ, ಬಚ್ಚಲದ, ನಲ್ಲಿಯ, ಮೀಟರಿನ ಅಂಕಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಬಾಡಿಗೆದಾರರಿಗೂ ಕಳಿಸಬೇಕು. ಎರಡು ಕಡೆಯವರ ಬಳಿಯೂ ಒಂದೇ ದಿನದ ಒಂದೇ ಚಿತ್ರ ಉಳಿಯುತ್ತದೆ.

ಬಾಡಿಗೆ ಬ್ಯಾಂಕಿನಲ್ಲೋ ಯುಪಿಐಯಲ್ಲೋ ಬರಲಿ. ನಗದು ಪಡೆದರೆ ಪಾವತಿ ಕೊಡಲಿ, 5,000 ರೂ. ಮೀರಿದ ನಗದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಬೇಕು. ಆದಾಯ ತೆರಿಗೆಯ ಭಯದಿಂದ ಪಾವತಿ ಕೊಡದ ಮಾಲೀಕರಿದ್ದಾರೆ. ಆ ಭಯ ಲೆಕ್ಕ ಗೊತ್ತಿಲ್ಲದ್ದರಿಂದ ಬಂದದ್ದು. ವರ್ಷದ ಬಾಡಿಗೆ 72,000 ರೂ., ಮನೆ ತೆರಿಗೆ 2,000 ರೂ. ಕಟ್ಟಿದ್ದಾರೆ ಎನ್ನೋಣ. ಉಳಿದ 70,000ದಲ್ಲಿ 30% ಅಂದರೆ 21,000 ರೂ.ಗಳನ್ನು ಬಿಲ್ಲು ಕೇಳದೆಯೇ ಕಾನೂನು ಬಿಟ್ಟುಕೊಡುತ್ತದೆ. ಆದಾಯವೆಂದು ತೋರಿಸಬೇಕಾದದ್ದು 49,000 ರೂ. ಮಾತ್ರ. ಸಾಲದ ಬಡ್ಡಿ ಇದ್ದರೆ ಅದನ್ನೂ ಕಳೆಯಬಹುದು. ಬೇರೆ ಹೆಚ್ಚಿನ ಆದಾಯವಿಲ್ಲದ ನಿವೃತ್ತರಿಗೆ, ವಿಧವೆಯರಿಗೆ ಇದರಿಂದ ತೆರಿಗೆಯೇ ಬೀಳದೆ ಇರಬಹುದು.

ಡಿಪಾಜಿಟ್ ಮಾಲೀಕರ ಹಣವಲ್ಲ, ಹಿಂದಿರುಗಿಸಬೇಕಾದ ಹಣ. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ, ಮಳಿಗೆಗೆ ಆರು ತಿಂಗಳ ಬಾಡಿಗೆಯಷ್ಟೇ ಡಿಪಾಜಿಟ್ ಎಂಬ ಮಿತಿ ಹೇಳುತ್ತದೆ. ಅದು ಮಾದರಿ ಮಾತ್ರ, ಆಯಾ ರಾಜ್ಯ ಕಾಯ್ದೆ ಮಾಡಿದರೆ ಜಾರಿಗೆ ಬರುತ್ತದೆ. ಆದರೂ ನ್ಯಾಯದ ಅಳತೆ ಅದರಲ್ಲಿದೆ. ಡಿಪಾಜಿಟನ್ನೋ ಲೀಸಿನ ಮೊತ್ತವನ್ನೋ ಮೇಲಂತಸ್ತು ಕಟ್ಟಲು ಬಳಸಿ, ಬಿಡುವವರಿಗೆ ‘ಹೊಸಬರು ಬಂದ ಮೇಲೆ ಕೊಡ್ತೀನಿ’ ಎನ್ನುವ ಮಾಲೀಕರು ಸಾಲಗಾರರೇ. ಆ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡುವುದೇ ಸರಿ.

ಸರ್ಕಾರಿ ಕಚೇರಿಗೆ ಕಟ್ಟಡ ಕೊಡುವ ಅವಕಾಶ ಹೊಸ ತಾಲೂಕುಗಳಲ್ಲಿ ಬರುತ್ತದೆ. ಅಲ್ಲಿ ಬಾಡಿಗೆ ಚೌಕಾಸಿಯಿಂದಲ್ಲ, ಲೋಕೋಪಯೋಗಿ ಇಲಾಖೆಯ ಮೌಲ್ಯಮಾಪನದ ಮೇಲೆ ನಿಗದಿಯಾಗುತ್ತದೆ. ಅನುದಾನ ಬಂದಾಗ ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬರುವುದುಂಟು. ಕಂತು ಕಟ್ಟುವವರು ಇದನ್ನು ಗಮನಿಸಬೇಕು.

ಒಂದು ಮೀಟರಿನ ಕಥೆ

ನಾಲ್ಕು ಖೋಲಿಗೆ ಒಂದೇ ಮೀಟರ್ ಇಟ್ಟು ಬಿಲ್ಲನ್ನು ಹಂಚುವುದು ಹಳೆಯ ಪದ್ಧತಿ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅದು ಎಲ್ಲರಿಗೂ ನಷ್ಟ. ಒಂದು ಮೀಟರಿನಲ್ಲಿ ನಾಲ್ಕು ಮನೆಯ ಬಳಕೆ ಕೂಡಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ಪ್ರತಿ ಮನೆಗೆ ಬೇರೆ ಆರ್‌.ಆರ್. ನಂಬರ್ ಇದ್ದರೆ ಆಯಾ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿ ಯೋಜನೆ ಪಡೆಯಬಹುದು. ಅದಕ್ಕೆ ಆ ವಿಳಾಸದ ಪುರಾವೆ ಬೇಕು, ಕರಾರು ಪತ್ರವೂ ನಡೆಯುತ್ತದೆ. ಬಿಟ್ಟು ಹೋಗುವವರು ಸೇವಾ ಸಿಂಧುವಿನಲ್ಲಿ ಆಧಾರ್ ಜೋಡಣೆ ತೆಗೆಸಿ ಹೋಗಬೇಕು. ಇಲ್ಲವಾದರೆ ಮುಂದೆ ಬರುವವರಿಗೆ ತೊಡಕು. ಡಿಪಾಜಿಟ್ ಹಿಂದಿರುಗಿಸುವ ದಿನ ಇದನ್ನು ನೋಡಿಕೊಳ್ಳುವುದು ಜಾಣತನ. ಮನೆಯ ಮುಂದಿನ ಖೋಲಿಯಲ್ಲಿ ಕಿರಾಣಿ ಅಂಗಡಿ ಹಾಕಲು ಕೊಟ್ಟರೆ ವಾಣಿಜ್ಯದ ಮೀಟರ್ ಬೇಕೇ ಬೇಕು. ವಾಸದ ಮೀಟರಿನಲ್ಲಿ ವ್ಯಾಪಾರ ನಡೆದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಎರಡು ಪಟ್ಟು ದರದ ಬಿಲ್ಲು ಬರುತ್ತದೆ.

ಯಾರಿಗೆ ಕೊಡಬೇಕು, ಬಿಡದಿದ್ದರೆ ಏನು

ಬಾಡಿಗೆದಾರರ ಆಧಾರ್, ನೌಕರಿಯ ವಿವರ, ಹಿಂದಿನ ಮಾಲೀಕರ ಫೋನ್ ನಂಬರ್ ಕೇಳುವುದು ಸರಿ. ಹೊರಗಿನಿಂದ ಬಂದವರ ಮಾಹಿತಿಯನ್ನು ಠಾಣೆಗೆ ಕೊಡುವುದೂ ಸರಿ. ಆದರೆ ಇಲ್ಲಿಯ ಎಷ್ಟೋ ಬಾಗಿಲಲ್ಲಿ ಮೊದಲು ಕೇಳುವುದು ಜಾತಿಯನ್ನು. ವರ್ಗವಾಗಿ ಬಂದ ದಲಿತ ಶಿಕ್ಷಕಿ ಮೂರು ಓಣಿ ತಿರುಗಿದರೂ ಮನೆ ಸಿಗದೆ ದೂರದ ಊರಿಂದ ಬಸ್ಸಿನಲ್ಲಿ ಓಡಾಡಬೇಕಾದರೆ ಅದು ಆ ಊರಿಗೆ ಅವಮಾನ. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಇದನ್ನು ಕಾನೂನು ಹೇಳಬೇಕಾಗಿ ಬಂದದ್ದೇ ನೋವಿನ ಸಂಗತಿ. ವ್ಯವಹಾರದ ದೃಷ್ಟಿಯಿಂದಲೂ, ತಾರೀಖಿಗೆ ಬಾಡಿಗೆ ಕೊಡುವವರನ್ನು ತಿರುಗಿಸಿ ಕಳಿಸಿ ಮನೆ ಖಾಲಿ ಇಡುವ ಮಾಲೀಕರು ಕಳೆದುಕೊಳ್ಳುವುದು ತಮ್ಮದೇ ದುಡ್ಡನ್ನು.

‘ಹನ್ನೆರಡು ವರ್ಷ ಇದ್ರ ಮನಿ ಅವರದೇ ಆಗ್ತದ’ ಎಂಬ ಭಯ ಇಲ್ಲಿ ಆಳವಾಗಿ ಬೇರೂರಿದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಒಳ್ಳೆಯ ಕುಟುಂಬವನ್ನೂ ಬಿಡಿಸುವವರಿದ್ದಾರೆ. ಮಾಲೀಕರ ಒಪ್ಪಿಗೆಯಿಂದ ಬಾಡಿಗೆಗೆ ಕೂತವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಹನ್ನೆರಡು ವರ್ಷದ ಮಾತು ಅನ್ವಯಿಸುವುದು ಮಾಲೀಕರ ಹಕ್ಕಿಗೆ ವಿರುದ್ಧವಾಗಿ, ಬಹಿರಂಗವಾಗಿ ಸ್ವಾಧೀನದಲ್ಲಿ ಕೂತವರಿಗೆ. ಕರಾರು ಮತ್ತು ಬಾಡಿಗೆಯ ಪಾವತಿ ಇದ್ದಲ್ಲಿ ಆ ವಾದ ನಿಲ್ಲುವುದಿಲ್ಲ. ಕರಾರೂ ಇಲ್ಲ, ಪಾವತಿಯೂ ಇಲ್ಲ, ನೆಂಟರೆಂದು ಬಿಟ್ಟಿಯಾಗಿ ಇರಗೊಟ್ಟದ್ದು ಎಂದಾದರೆ ಮಾತ್ರ ಮಾಲೀಕರು ಕೋರ್ಟಿನಲ್ಲಿ ಬೆವರಬೇಕಾಗುತ್ತದೆ.

ಬಾಡಿಗೆ ಕೊಡದೆ, ಬಿಡದೆ ಕೂತರೆ ಬೀಗ ಹಾಕುವುದು, ಕರೆಂಟ್ ಕಡಿಯುವುದು, ಸಾಮಾನು ಹೊರಗೆಸೆಯುವುದು ಎಂದೂ ಮಾಡಬಾರದು. ಹಾಗೆ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರುವ ಹಕ್ಕನ್ನು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ಕೊಡುತ್ತದೆ, ಅಲ್ಲಿ ಮನೆ ಯಾರದು ಎಂದು ಕೋರ್ಟು ಕೇಳುವುದೇ ಇಲ್ಲ. ಸರಿಯಾದ ದಾರಿ ವಕೀಲರ ನೋಟಿಸು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಗದಿತ ಪ್ರದೇಶಗಳಿಗೆ, ಅದರಲ್ಲೂ ಚಿಕ್ಕ ಬಾಡಿಗೆಯ ಮಿತಿಯೊಳಗಿನ ಕಟ್ಟಡಗಳಿಗೆ ಸೀಮಿತ. ಉಳಿದೆಡೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆದಾರರಿಗೆ 15 ದಿನದ ನೋಟಿಸು ಕೊಟ್ಟು, ಬಿಡದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ದಾವೆ ವರ್ಷಗಟ್ಟಲೆ ಎಳೆಯಬಹುದು. ಅದಕ್ಕಿಂತ ಮೊದಲು ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ವ್ಯಾಜ್ಯಪೂರ್ವ ಪ್ರಕರಣವಾಗಿ ಲೋಕ ಅದಾಲತ್‌ನಲ್ಲಿ ಕೂಡಿಸಿ ಮಾತಾಡಿಸುತ್ತಾರೆ. ಕೋರ್ಟ್ ಶುಲ್ಕವಿಲ್ಲ, ರಾಜಿಯಾದರೆ ಆ ಆದೇಶಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಎರಡು ತಿಂಗಳ ಬಾಕಿ ಬಿಟ್ಟುಕೊಟ್ಟು ಮನೆ ಖಾಲಿ ಮಾಡಿಸಿಕೊಂಡವರು ಸೋತರು ಅಂತ ಊರು ಮಾತಾಡಬಹುದು. ಎರಡು ವರ್ಷದ ಖಟ್ಲೆಗೆ ಹೋಲಿಸಿದರೆ ಅವರೇ ಉಳಿದುಕೊಂಡವರು.

ಪುಣೆ, ಮುಂಬಯಿ, ಬೆಂಗಳೂರಿನಲ್ಲಿದ್ದು ಊರಲ್ಲಿ ಬಾಡಿಗೆ ಮನೆ ಇಟ್ಟವರು ವರ್ಷಕ್ಕೊಮ್ಮೆಯಾದರೂ ತಾವೇ ಬಂದು ಮನೆಯೊಳಗೆ ಕಾಲಿಡಬೇಕು. ತೆರಿಗೆ ಪಾವತಿ ತಮ್ಮ ಹೆಸರಿನಲ್ಲೇ ಇದೆಯೇ, ಉತಾರದಲ್ಲಿ ಹೆಸರು ಬದಲಾಗಿಲ್ಲವೇ, ಹೊಸ ಇ.ಸಿ.ಯಲ್ಲಿ ಏನಾದರೂ ಬಂದಿದೆಯೇ ಎಂದು ನೋಡಿ ಹೋಗಬೇಕು. ನೋಡಿಕೊಳ್ಳುವ ಸಂಬಂಧಿಕರಿಗೆ ಬಾಡಿಗೆ ವಸೂಲಿ ಮತ್ತು ರಿಪೇರಿಗೆ ಸೀಮಿತವಾದ ಅಧಿಕಾರ ಪತ್ರ ಸಾಕು, ಮಾರುವ ಅಧಿಕಾರ ಬರೆದುಕೊಡುವುದು ಬೇಡ.

ಈಗಾಗಲೇ ಬಾಯಿಮಾತಿನ ಮೇಲೆ ಮನೆ ಕೊಟ್ಟಿರುವವರು ತಡವಾಯಿತು ಎಂದು ಸುಮ್ಮನಿರಬೇಕಿಲ್ಲ. ಬರುವ ತಿಂಗಳ ಬಾಡಿಗೆ ಪಡೆಯುವ ದಿನವೇ ಬಾಡಿಗೆದಾರರ ಜತೆ ಕೂತು, ಇಂದಿನ ಬಾಡಿಗೆ, ಪಡೆದ ಡಿಪಾಜಿಟ್, ಮನೆಗೆ ಬಂದ ತಾರೀಖು ಇಷ್ಟನ್ನೂ ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಒಂದು ಪ್ರತಿಯನ್ನು ಅವರ ಕೈಗೂ ಕೊಡಿ.